ಆಟಕ್ಕೆ ಕರೆಯಲು ಬಂದಿದ್ದೇವೆ

ಮಲೆನಾಡಿನಲ್ಲಿ ಜನ ಸೇರಿಸುವುದು ಒಂದು ಕೆಲಸವೇ ಅಲ್ಲ ಎಂದು ನಾನು ಬಹಳ ಕಾಲ ನಂಬಿಕೊಂಡಿದ್ದೆ. ಸಂಕ್ರಾಂತಿಗೆ ಸಿಗಂದೂರಿನ ಜಾತ್ರೆ ನೋಡಿ, ಎಳ್ಳಮಾವಾಸ್ಯೆಗೆ ತೀರ್ಥಹಳ್ಳಿಯ ಹೊಳೆದಂಡೆ ನೋಡಿ, ಮೂರು ವರ್ಷಕ್ಕೊಮ್ಮೆ ಬರುವ ಸಾಗರದ ಮಾರಿಜಾತ್ರೆಯಲ್ಲಿ ಕಾಲಿಡಲು ಜಾಗ ಸಿಕ್ಕರೆ ಅದನ್ನೂ ನೋಡಿ. ಜಾತ್ರೆಯ ಮಾತು ಬಿಡಿ, ರಸ್ತೆ ಬದಿಯಲ್ಲಿ ಜೆಸಿಬಿಯೊಂದು ಚರಂಡಿ ತೋಡಲು ನಿಂತರೆ ಸಾಕು, ಅರ್ಧ ಗಂಟೆಯಲ್ಲಿ ಕೈಕಟ್ಟಿ ನಿಂತವರ ಸಾಲು ತಯಾರು. ಅವರಲ್ಲಿ ಇಬ್ಬರಾದರೂ ಚಾಲಕನಿಗೆ ಬುದ್ಧಿ ಹೇಳುತ್ತಿರುತ್ತಾರೆ. ಇಂಥ ನಾಡಿನಲ್ಲಿ ಫುಟ್‌ಬಾಲ್ ನೋಡಲು ಮಾತ್ರ ಜನ ಬರುವುದಿಲ್ಲ ಎಂಬ ವಿಷಯ ನನಗೆ ತಿಳಿದದ್ದು ಒಂದು ಹಂಡೆ ಅಡಿಕೆ ಚೊಗರಿನ ದೆಸೆಯಿಂದ.

ನಮ್ಮ ಮನೆ ಇರುವುದು ಆವಿನಹಳ್ಳಿ ದಾಟಿ ಸಿಗಂದೂರಿಗೆ ಹೋಗುವ ದಾರಿಯ ಮಗ್ಗುಲಲ್ಲಿ. ಅಂಗಳದ ಬೇಲಿಯಾಚೆ ಒಂದು ಬಯಲು. ಸಂಜೆ ಅಲ್ಲಿ ಊರಿನ ಹುಡುಗರು ಚೆಂಡು ಒದೆಯುತ್ತಾರೆ. ಅವತ್ತು ಕೊಯ್ಲಿನ ಗಡಿಬಿಡಿ. ಅಂಗಳದಲ್ಲಿ ಹಂಡೆಯ ತುಂಬ ಅಡಿಕೆ ಬೇಯುತ್ತಿತ್ತು, ಒಲೆಯ ಮುಂದೆ ನಮ್ಮ ಸೋದರತ್ತೆ ಕೂತಿದ್ದರು. ನಾನು ಯಾರದೋ ಮದುವೆ ಊಟಕ್ಕೆಂದು ಬಿಳಿ ಪಂಚೆ ಉಟ್ಟು ಅದೇ ಹಂಡೆಯ ಪಕ್ಕ ಹಾದುಹೋಗುತ್ತಿದ್ದೆ. ಬಯಲಲ್ಲಿ ಯಾರೋ ಪೆನಾಲ್ಟಿ ಒದೆದರು. ಚೆಂಡು ಗೋಲಿಗೆ ಹೋಗಲಿಲ್ಲ, ಬೇಲಿ ಹಾರಿ ನೇರ ಹಂಡೆಗೆ ಬಿತ್ತು. ಚೊಗರಿನ ಕಲೆ ಯಾವ ಸೋಪಿಗೂ ಬಗ್ಗುವುದಿಲ್ಲ ಎಂಬುದು ಈ ಸೀಮೆಯ ಎಲ್ಲರಿಗೂ ಗೊತ್ತು, ಆದ್ದರಿಂದ ಪಂಚೆಯ ಕಥೆ ಹೇಳುವುದಿಲ್ಲ. ಅತ್ತೆ ಸ್ವಲ್ಪವೂ ವಿಚಲಿತರಾಗದೆ ತೂತಿನ ಸೌಟಿನಲ್ಲಿ ಚೆಂಡನ್ನು ಎತ್ತಿ, ತಿರುಗಿಸಿ ನೋಡಿ, "ಬಣ್ಣ ಚೊಲೋ ಬೈಂದು ತಮಾ, ಸರಕಿಗೆ ಹಾಕ್ಲಕ್ಕು" ಎಂದರು.

ಹುಡುಗರು ಸಾಲಾಗಿ ಬಂದು ತಲೆ ತಗ್ಗಿಸಿ ನಿಂತರು. ಪಂಚೆಯ ದುಡ್ಡು ಕೊಡುವ ಶಕ್ತಿ ಅವರಿಗೆ ಇರಲಿಲ್ಲ. ಪರಿಹಾರವೆಂಬಂತೆ ಮರುವಾರ ನನ್ನನ್ನು ತಮ್ಮ ಕ್ಲಬ್ಬಿನ ಗೌರವಾಧ್ಯಕ್ಷನನ್ನಾಗಿ ಮಾಡಿದರು. ಗೌರವಾಧ್ಯಕ್ಷ ಎಂದರೆ ಕಲಶದ ಮೇಲಿನ ತೆಂಗಿನಕಾಯಿ ಎಂದು ಆಮೇಲೆ ತಿಳಿಯಿತು: ಎತ್ತರದಲ್ಲಿ ಕೂತಿರಬೇಕು, ಪೂಜೆ ಮುಗಿದ ಮೇಲೆ ಒಡೆಸಿಕೊಳ್ಳಬೇಕು.

ಅಧ್ಯಕ್ಷನಾಗಿ ನಾನು ನೋಡಿದ ಮೊದಲ ಪಂದ್ಯದಲ್ಲಿ ನೋಡಲು ಬಂದವರಿಗಿಂತ ಆಡಲು ಬಂದವರೇ ಹೆಚ್ಚಿದ್ದರು. ಪ್ರೇಕ್ಷಕರೆಂದು ಲೆಕ್ಕ ಹಾಕಿದವರಲ್ಲೂ ಒಬ್ಬರು ದನ ಹುಡುಕಿಕೊಂಡು ಬಂದವರು, ದನ ಸಿಕ್ಕಕೂಡಲೇ ಹೊರಟುಹೋದರು. ದನ ಸ್ವಲ್ಪ ಹೊತ್ತು ನಿಂತು ನೋಡಿತು. ಕ್ಲಬ್ಬಿನ ಕಾರ್ಯದರ್ಶಿ ಪಿಯುಸಿ ಮುಗಿಸಿ ತೋಟ ನೋಡಿಕೊಂಡಿರುವ ಹುಡುಗ. ಅವನು ಬಹಳ ನೊಂದು, "ನಮ್ಮ ಜನಕ್ಕೆ ಫುಟ್‌ಬಾಲ್ ಆಗಿಬರಲ್ಲ ಬಿಡಿ ಸಾರ್, ಇದು ಕೇರಳದವರ, ಗೋವಾದವರ ಆಟ" ಎಂದ.

ಈ ಮಾತು ನನಗೆ ಹಿಡಿಸಲಿಲ್ಲ. ಅಧ್ಯಕ್ಷನಾದ ಮೇಲೆ ಸ್ವಲ್ಪ ಓದಿಕೊಂಡಿದ್ದೆ ನೋಡಿ, ಅದನ್ನು ಎಲ್ಲಿಯಾದರೂ ಖರ್ಚು ಮಾಡಬೇಕಿತ್ತು. 1937ರಲ್ಲಿ, ಮರುವರ್ಷ ಮತ್ತೆ, ಮುಂಬಯಿಯ ರೋವರ್ಸ್ ಕಪ್ ಗೆದ್ದದ್ದು ಬೆಂಗಳೂರು ಮುಸ್ಲಿಮ್ಸ್ ಎಂಬ ನಮ್ಮದೇ ಕ್ಲಬ್ಬು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ನಮ್ಮವರು ಬಹುಪಾಲು ಬರಿಗಾಲಲ್ಲಿ ಆಡಿ ಫ್ರಾನ್ಸಿನೆದುರು 2-1ರಿಂದ ಸೋತರಲ್ಲ, ಆ ಒಂದು ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಹಳೆಯ ಮೈಸೂರು ರಾಜ್ಯ ನಾಲ್ಕು ಸಲ ಸಂತೋಷ್ ಟ್ರೋಫಿ ಗೆದ್ದಿದೆ. ಕೊನೆಯ ಸಲ ಗೆದ್ದದ್ದು 1968-69ರಲ್ಲಿ. ಆಮೇಲೆ ಅರ್ಧ ಶತಮಾನ ನಿದ್ದೆ. 2023ರ ಮಾರ್ಚಿನಲ್ಲಿ ರಿಯಾದಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಮತ್ತೆ ತಂದರು. ಬೆಂಗಳೂರಿನ ಹಲಸೂರು ಕಡೆಯ ಗೌತಮಪುರದಲ್ಲಿ ಅಂಬೇಡ್ಕರ್, ಬುದ್ಧ, ಮದರ್ ತೆರೇಸಾ ಇವರ ಜೊತೆಗೆ ಪೆಲೆಯ ವಿಗ್ರಹವೂ ಇದೆ. ಇದನ್ನೆಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಕಾರ್ಯದರ್ಶಿ ಗೌರವದಿಂದ ಕೇಳಿ, "ಸರಿ ಸಾರ್, ಇದನ್ನ ಕೇಳಿದ್ರೆ ಜನ ಬರ್ತಾರಾ?" ಎಂದ. ಉತ್ತರ ನನ್ನಲ್ಲಿ ಇರಲಿಲ್ಲ.

ಹಾಗೆ ನೋಡಿದರೆ ನಮ್ಮ ಹವೆಗೆ ಹೇಳಿ ಮಾಡಿಸಿದ ಆಟ ಫುಟ್‌ಬಾಲೇ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೇಲೆ ಮಳೆ ಸುರಿಯುತ್ತದೆ, ಹೊಸನಗರದ ಹುಲಿಕಲ್ಲು ಅದರ ಜೊತೆ ಪೈಪೋಟಿಗೆ ನಿಲ್ಲುತ್ತದೆ. ನಾಲ್ಕು ಹನಿ ಬಿದ್ದರೆ ಕ್ರಿಕೆಟ್ಟಿನವರು ಟಾರ್ಪಾಲು ಎಳೆದುಕೊಂಡು ಓಡುತ್ತಾರೆ. ಫುಟ್‌ಬಾಲಿಗೆ ಮಳೆ ಬಂದರೆ ರಂಗೇರುವುದು. ಕೆಸರುಗದ್ದೆ ಕ್ರೀಡಾಕೂಟಗಳಲ್ಲಿ ಇದನ್ನು ಕಂಡಿದ್ದೇನೆ, ಬಿದ್ದವನೂ ನಗುತ್ತಾನೆ, ಬೀಳಿಸಿದವನೂ ನಗುತ್ತಾನೆ, ಯಾರು ಯಾವ ತಂಡವೆಂಬುದು ಹತ್ತು ನಿಮಿಷದಲ್ಲಿ ಅಳಿಸಿಹೋಗುತ್ತದೆ. ಆದರೂ ನಮ್ಮ ಹುಡುಗರು ಟೆನಿಸ್ ಬಾಲ್ ಕ್ರಿಕೆಟ್ಟಿಗೆ ಬೀಳುತ್ತಾರೆ, ಅದು ಬಿಟ್ಟರೆ ಕಬಡ್ಡಿ, ಹೊನಲು ಬೆಳಕಿನ ವಾಲಿಬಾಲು. ನನಗೆ ತೋಚಿದ ಒಂದೇ ಕಾರಣ, ಆಡುವವರಿಗೆ ಮಳೆ ಎಷ್ಟು ಸುಖವೋ ನಿಂತು ನೋಡುವವರಿಗೆ ಅಷ್ಟೇ ಕಷ್ಟ. ಒಂದು ಕೈಯಲ್ಲಿ ಛತ್ರಿ, ಇನ್ನೊಂದು ಕೈಯಲ್ಲಿ ಎತ್ತಿ ಹಿಡಿದ ಪಂಚೆಯ ತುದಿ. ಗೋಲು ಬಿದ್ದರೆ ಚಪ್ಪಾಳೆ ಹೊಡೆಯುವುದು ಯಾವ ಕೈಯಲ್ಲಿ?

ಮಳೆಗಾಲ ಬೇಡವೆಂದರೆ ಯಾವಾಗ ಆಡಬೇಕು ಎಂಬ ಪ್ರಶ್ನೆ ಬಂತು. ಕ್ಲಬ್ಬಿನ ಸಭೆ ಕೂತು ಪಂಚಾಂಗ ಬಿಚ್ಚಿತು. ಜೂನಿನಿಂದ ಆಗಸ್ಟಿನವರೆಗೆ ಕೊಳೆರೋಗದ ಹೆದರಿಕೆ, ಎಲ್ಲರೂ ಬೋರ್ಡೋ ಹೊಡೆಸುವ ಚಿಂತೆಯಲ್ಲಿ ಮೋಡ ನೋಡುತ್ತಿರುತ್ತಾರೆ. ಅದು ಮುಗಿಯಿತು ಅನ್ನುವಷ್ಟರಲ್ಲಿ ಅಡಿಕೆ ಕೊನೆ ಕೊಯ್ಲು ಶುರು. ಮರ ಹತ್ತಿ ಕೊಯ್ಯುವ ಕೊನೆಗೌಡನ ಹಿಂದೆ ತೋಟದ ಯಜಮಾನ, ಯಜಮಾನನ ಹಿಂದೆ ಮನೆಮಂದಿ. ಕೊಯ್ದ ಮೇಲೆ ರಾತ್ರಿಯಿಡೀ ಸುಲಿಯುವುದು, ಬೇಯಿಸುವುದು, ಒಣಗಿಸುವುದು, ಮಂಗ ಕಾಯುವುದು. ಫೆಬ್ರುವರಿಯಿಂದ ಮದುವೆ, ಉಪನಯನ, ಜಾತ್ರೆ, ಯಕ್ಷಗಾನ. ಏಪ್ರಿಲ್ ಮೇ ತಿಂಗಳಲ್ಲಿ ಬೆಂಗಳೂರಿನಿಂದ ಮೊಮ್ಮಕ್ಕಳು ಬರುತ್ತಾರೆ, ಅವರನ್ನು ಜೋಗ ತೋರಿಸಲು ಕರೆದುಕೊಂಡು ಹೋಗಬೇಕು. ಫುಟ್‌ಬಾಲಿಗೆ ಉಳಿದ ತಿಂಗಳು ಒಂದೂ ಇಲ್ಲ. ಕೊನೆಗೆ ಭಾನುವಾರ ಸಂಜೆ ನಾಲ್ಕಕ್ಕೆ ಎಂದು ತೀರ್ಮಾನವಾಯಿತು. ಆಡುವುದು ಯಾವ ತಿಂಗಳೇ ಇರಲಿ, ದಿನ ಮತ್ತು ಹೊತ್ತು ಬದಲಿಸಬಾರದು ಎಂದೂ ಆಯಿತು. ಸಂತೆ ಎಲ್ಲಿದೆ, ಯಾವತ್ತು ಇದೆ ಎಂದು ಯಾರೂ ಯಾರನ್ನೂ ಕೇಳುವುದಿಲ್ಲವಲ್ಲ, ಆಟವೂ ಆ ಮಟ್ಟಕ್ಕೆ ಬರಬೇಕು ಎಂಬುದು ಸಭೆಯಲ್ಲಿದ್ದ ನಮ್ಮೂರ ಶಾಲೆಯ ದೈಹಿಕ ಶಿಕ್ಷಕರ ವಾದ. ನಾವು ಮಾಡಿದ ತೀರ್ಮಾನಗಳಲ್ಲಿ ಅದೊಂದು ನಿಜಕ್ಕೂ ಉಪಯೋಗಕ್ಕೆ ಬಂತು.

ಆ ಮೇಷ್ಟರಿಗೆ ಹಳೆಯ ನೋವೊಂದಿತ್ತು. ಲಿಂಗನಮಕ್ಕಿ ಹಿನ್ನೀರಿಗೆ ಸೇತುವೆ ಬರುವ ಮುಂಚಿನ ಕಾಲದಲ್ಲಿ ತುಮರಿ, ಬ್ಯಾಕೋಡು ಕಡೆಯ ತಂಡ ಈಚೆಗೆ ಬಂದು ಆಡಬೇಕೆಂದರೆ ಲಾಂಚ್ ಹಿಡಿಯಬೇಕಿತ್ತು. ಅಂಬಾರಗೋಡ್ಲಿನ ಹೊಳೆಬಾಗಿಲಿನಿಂದ ಕಳಸವಳ್ಳಿಗೆ ಹೋಗುವ ಸಂಜೆಯ ಕೊನೆಯ ಲಾಂಚು ಯಾವ ರೆಫರಿಗೂ ಕಾಯುತ್ತಿರಲಿಲ್ಲ. ದ್ವಿತೀಯಾರ್ಧದ ನಡುವೆ ಆಚೆದಡದ ಪ್ರೇಕ್ಷಕರು ಒಬ್ಬೊಬ್ಬರೇ ಜಾಗ ಖಾಲಿ ಮಾಡುವರು, ಸ್ವಲ್ಪ ಹೊತ್ತಿಗೆ ಅವರ ಎಡಬದಿಯ ಆಟಗಾರನೂ ಗಡಿಯಾರ ನೋಡಲು ಶುರು ಮಾಡುವನು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ತುಂಬಿ ಆ ಊರುಗಳ ಮೂರು ದಿಕ್ಕಿಗೂ ನೀರು ನಿಂತ ಮೇಲೆ ಅಲ್ಲಿಯವರ ಬದುಕಿನ ಎಲ್ಲ ಕೆಲಸವೂ ಲಾಂಚಿನ ವೇಳೆಗೆ ಕತ್ತರಿಸಿಕೊಂಡೇ ನಡೆದದ್ದು, ಫುಟ್‌ಬಾಲ್ ಅದರಲ್ಲಿ ಬಹಳ ಸಣ್ಣದು. 2025ರ ಜುಲೈ 14ರಂದು ಎರಡೂವರೆ ಕಿಲೋಮೀಟರಿಗೆ ಹತ್ತಿರದ ಉದ್ದದ ಸೇತುವೆ ತೆರೆದಾಗ ಎಲ್ಲರೂ ಆಂಬುಲೆನ್ಸ್ ಹೋಗಬಹುದು, ಬಸ್ಸು ಹೋಗಬಹುದು ಎಂದು ಸಂತೋಷಪಟ್ಟರು. ನಮ್ಮ ಮೇಷ್ಟರು ಮಾತ್ರ ಸೇತುವೆಯ ಮೇಲೆ ನಿಂತು, "ಇನ್ನು ತೊಂಬತ್ತು ನಿಮಿಷ ಪೂರ್ತಿ ಆಡಿಸಬಹುದು" ಎಂದರಂತೆ.

ಹಿನ್ನೀರಿನ ಮಾತು ಬಂತು, ಇನ್ನೊಂದು ಹೇಳಿಬಿಡುತ್ತೇನೆ. ಬೇಸಿಗೆಯಲ್ಲಿ ನೀರು ಇಳಿದಾಗ ದಡದುದ್ದಕ್ಕೂ ಚಪ್ಪಟೆ ಬಯಲು ಏಳುತ್ತದೆ, ಹುಡುಗರಿಗೆ ಇದಕ್ಕಿಂತ ಒಳ್ಳೆಯ ಮೈದಾನ ಸಿಗುವುದಿಲ್ಲ. ಒಂದು ಸಲ ಅಲ್ಲಿ ಆಡಿಸಿದೆವು. ಮುಳುಗಡೆಯ ಹಿರಿಯರೊಬ್ಬರು ಕೋಲೂರಿಕೊಂಡು ಬಂದು ಪಂದ್ಯ ಮುಗಿಯುವವರೆಗೂ ನಿಂತಿದ್ದರು. ನಮಗೆ ಭಾರಿ ಖುಷಿ, ಈ ವಯಸ್ಸಿನ ಅಭಿಮಾನಿ! ಹತ್ತಿರ ಹೋಗಿ ಆಟ ಹೇಗಿತ್ತು ಎಂದು ಕೇಳಿದೆ. "ಆ ಕಾರ್ನರ್ ಬಾವುಟ ನೆಟ್ಟಿದಾರಲ್ಲ, ಅಲ್ಲಿ ನಮ್ಮ ಕೊಟ್ಟಿಗೆ ಇತ್ತು. ಹುಡುಗ್ರು ಓಡೋದು ನಮ್ಮ ಗದ್ದೇಲಿ" ಎಂದರು. ಅವರು ಬಂದದ್ದು ಆಟ ನೋಡಲು ಅಲ್ಲ. ಆದರೆ ಮರುವಾರ ಇನ್ನೂ ನಾಲ್ಕು ಜನ ಮುದುಕರನ್ನು ಕರೆದುಕೊಂಡು ಬಂದರು, ಯಾರ ಗದ್ದೆ ಎಲ್ಲಿತ್ತೆಂಬ ಜಗಳ ಎರಡು ತಂಡಗಳ ಜಗಳಕ್ಕಿಂತ ಜೋರಾಗಿ ನಡೆಯಿತು.

ಬೆಂಗಳೂರಿನಲ್ಲಿರುವ ಸೋದರಳಿಯ ಫೋನಿನಲ್ಲಿ ಸಲಹೆ ಕೊಡುತ್ತಲೇ ಇದ್ದ. ಅವನು ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿಯ ಆಟಕ್ಕೆ ನೀಲಿ ಅಂಗಿ ತೊಟ್ಟು ಹೋಗಿ, ವೆಸ್ಟ್ ಬ್ಲಾಕ್ ಬ್ಲೂಸ್ ಎಂಬ ಅಭಿಮಾನಿಗಳ ಗುಂಪಿನಲ್ಲಿ ತೊಂಬತ್ತು ನಿಮಿಷವೂ ನಿಂತೇ ಹಾಡಿ ಗಂಟಲು ಕೆಡಿಸಿಕೊಂಡು ಬರುವವನು. 2013ರಲ್ಲಿ ಹುಟ್ಟಿದ ಕ್ಲಬ್ಬು ಮೊದಲ ವರ್ಷವೇ ಐ-ಲೀಗ್ ಗೆದ್ದುಬಿಟ್ಟಿತು, ಗೆಲ್ಲುವವರ ಹಿಂದೆ ಜನ ಬರುವುದು ದೊಡ್ಡ ವಿಷಯವಲ್ಲ ಎಂದು ನಾನು ಅಂದೆ. ಅವನು ಬಿಡಲಿಲ್ಲ. "ಮಾವ, ಸ್ಪೇನಿನಲ್ಲಿ ಐಬಾರ್ ಅಂತ ಒಂದು ಊರು. 27,000 ಜನ ಇರಬಹುದು, ನಮ್ಮ ಸಾಗರದ ಅರ್ಧ. ಅದರ ಕ್ಲಬ್ಬು 2014ರಲ್ಲಿ ಲಾ ಲೀಗಾಕ್ಕೆ ಏರಿ ಏಳು ವರ್ಷ ಬಾರ್ಸಿಲೋನಾ ಜೊತೆ ಆಡಿತು" ಎಂದ. ಬಾರ್ಸಿಲೋನಾ ನಮ್ಮ ಬಯಲಿಗೆ ಬಂದರೆ ದನ ಹುಡುಕುವವರೂ ನಿಂತು ನೋಡುತ್ತಾರೆ, ಅದರಲ್ಲಿ ಸಂಶಯವಿಲ್ಲ. ಆದರೆ ನಮಗೆ ಮೊದಲು ಬರಬೇಕಾದದ್ದು ಆನಂದಪುರದ ತಂಡ, ಅವರೇ ಎರಡು ಸಲ ಕೈಕೊಟ್ಟಿದ್ದರು.

ಅವನ ಮಾತಿನ ನಡುವೆ ಒಂದು ಸಂಗತಿ ಮಾತ್ರ ನನ್ನ ಕಿವಿಗೆ ಅಂಟಿಕೊಂಡಿತು. 2018ರ ಜೂನ್ 1ರಂದು ಮುಂಬಯಿಯಲ್ಲಿ ಭಾರತ ಚೈನೀಸ್ ತೈಪೆಯನ್ನು 5-0ಯಿಂದ ಸೋಲಿಸಿತು. ನಾಯಕ ಸುನಿಲ್ ಛೆಟ್ರಿಯದು ಮೂರು ಗೋಲು. ನೋಡಲು ಬಂದವರು 2,569 ಜನ. ದೇಶದ ತಂಡಕ್ಕೇ ಹೀಗೆ! ಛೆಟ್ರಿ ಮರುದಿನ ಮೊಬೈಲಿನ ಮುಂದೆ ಕೂತು ಮಾತಾಡಿದರು. ಬನ್ನಿ, ಬಂದು ಬೇಕಾದರೆ ನಮ್ಮನ್ನು ಬೈಯಿರಿ, ಆದರೆ ಮೈದಾನಕ್ಕೆ ಬನ್ನಿ ಎಂಬುದು ಅದರ ಸಾರ. ಜೂನ್ 4ರಂದು ಕೀನ್ಯಾದ ಎದುರು ಪಂದ್ಯ, ಜಡಿಮಳೆ, ಆದರೂ ಟಿಕೆಟ್ಟೆಲ್ಲ ಖರ್ಚಾಗಿ ಕ್ರೀಡಾಂಗಣ ತುಂಬಿತು. ಮೂರು ದಿನದಲ್ಲಿ ಆಟವೇನೂ ಬದಲಾಗಿರಲಿಲ್ಲ. ಯಜಮಾನನೇ ಬಾಯಿಬಿಟ್ಟು ಕರೆದಿದ್ದ, ಅಷ್ಟೇ.

ಇದನ್ನು ಕೇಳಿದಾಗ ನನಗೆ ಅನಿಸಿದ್ದು, ಇಷ್ಟು ದಿನ ನಮ್ಮ ಆಟಕ್ಕೆ ನಾವು ಯಾರನ್ನಾದರೂ ಕರೆದಿದ್ದೆವೇ? ಫ್ಲೆಕ್ಸ್ ಹಾಕಿದ್ದೆವು, ನಿಜ. ಅದರಲ್ಲಿ ದೇಣಿಗೆ ಕೊಟ್ಟ ಎಲ್ಲರ ಮುಖ ಕೂರಿಸಿ ಉಳಿದ ಮೂಲೆಯಲ್ಲಿ ಒಂದು ಚೆಂಡು ಹಾಕಿದ್ದೆವು. ಆ ಫ್ಲೆಕ್ಸ್ ನೋಡಲು ಬಂದವರು ಕೆಲವರು ಉಂಟು, ತಮ್ಮ ಮುಖ ಸರಿಯಾಗಿ ಬಂದಿಲ್ಲವೆಂದು ಬೇಸರಪಟ್ಟು ಹೋದರು. ವಾಟ್ಸಾಪಿನಲ್ಲಿ ಕಾರ್ಡು ಕಳಿಸಿದ್ದೆವು. ವಾಟ್ಸಾಪಿನಲ್ಲಿ ಬಂದ ಮದುವೆ ಕರೆಗೆ ನಮ್ಮ ಕಡೆ ಇವತ್ತಿಗೂ ಹೋಗುವವರು ಕಮ್ಮಿ. "ಮನೆಗೆ ಬಂದು ಕರೆದಿಲ್ಲ" ಎಂಬ ಒಂದು ಮಾತಿಗೆ ಹತ್ತಿರದ ನೆಂಟರು ಹತ್ತು ವರ್ಷ ಮುಖ ನೋಡದೆ ಇರುವ ಸೀಮೆ ಇದು. ಅಲ್ಲಿ ಫುಟ್‌ಬಾಲಿಗೆ ಜನ ತಾವಾಗಿ ಬರುತ್ತಾರೆಂದು ಕಾದು ಕೂತಿದ್ದೆವು ನಾವು.

ಜನರನ್ನು ಕರೆದು ಕೂರಿಸುವ ವಿದ್ಯೆ ಈ ಸೀಮೆಗೆ ಹೊಸದೂ ಅಲ್ಲ. ಸಾಗರದ ಪಕ್ಕದ ಹೆಗ್ಗೋಡಿನಲ್ಲಿ 1949ರಲ್ಲಿ ನೀನಾಸಂ ಹುಟ್ಟಿತು. ಕೆ.ವಿ. ಸುಬ್ಬಣ್ಣನವರು ಅಡಿಕೆ ಬೆಳೆಗಾರರ ಆ ಹಳ್ಳಿಯಲ್ಲಿ ರಂಗಮಂದಿರ ಕಟ್ಟಿ, ಫಿಲ್ಮ್ ಸೊಸೈಟಿ ಮಾಡಿ ದೇಶವಿದೇಶದ ಸಿನಿಮಾ ತೋರಿಸಿದರು. ಪ್ರೇಕ್ಷಕರು ಬರಲಿಲ್ಲವೆಂದು ಕೊರಗುವ ಬದಲು 1985ರಲ್ಲಿ ತಿರುಗಾಟ ಎಂದು ನಾಟಕವನ್ನೇ ಲಾರಿ ಹತ್ತಿಸಿ ಊರೂರಿಗೆ ಕಳಿಸಿದರು. ಯಕ್ಷಗಾನ ಮೇಳಗಳವರಂತೂ ಇದರಲ್ಲಿ ಪಳಗಿದ ಕೈ. ಹಗಲು ಮೈಕಿನ ಗಾಡಿ, ಸಂಜೆ ಚೆಂಡೆಯ ಕೇಳಿ. ಆ ಚೆಂಡೆ ಗುಡ್ಡ ಹತ್ತಿ ಇಳಿದು ಮನೆಯೊಳಗೆ ಬಂದರೆ ಅಡುಗೆಮನೆಯಲ್ಲಿ ದೋಸೆ ಹುಯ್ಯುವವರ ಕೈಯೂ ಬಿರುಸಾಗುತ್ತದೆ. ಕೊಡಗಿನವರು ಹಾಕಿಗೆ ಮಾಡಿದ್ದು ಇನ್ನೂ ಜಾಣತನ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಉತ್ಸವದಲ್ಲಿ ಒಂದೊಂದು ಮನೆತನವೂ ಒಂದೊಂದು ತಂಡ. 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳು ಆಡಿದವು. ಅಲ್ಲಿ ಪ್ರೇಕ್ಷಕರನ್ನು ಹುಡುಕುವ ಪ್ರಮೇಯವೇ ಇಲ್ಲ, ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿದ್ದರೆ ಉಳಿದವರು ಮನೆಯಲ್ಲಿ ಕೂತು ಮಾಡುವುದೇನು?

ಮಲಬಾರಿನ ಏಳು ಜನರ ಫುಟ್‌ಬಾಲಿನ ಬಗ್ಗೆ ಮೇಷ್ಟರು ಹೇಳಿದಾಗ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು. ಕೊಯ್ದ ಗದ್ದೆಯಲ್ಲಿ ಬಿದಿರು, ಅಡಿಕೆ ಮರ ಕಟ್ಟಿ ಗ್ಯಾಲರಿ ನಿಲ್ಲಿಸಿ ಸಾವಿರಗಟ್ಟಲೆ ಜನರನ್ನು ಕೂರಿಸುತ್ತಾರಂತೆ. ಅಡಿಕೆ ಮರ ನಮ್ಮಲ್ಲಿಲ್ಲವೇ? ನಾವು ಅದನ್ನು ದಬ್ಬೆ ಮಾಡಿ ಚಪ್ಪರಕ್ಕೆ ಹಾಕಿ ಸುಮ್ಮನಿದ್ದೇವೆ. ಕೂಡಲೇ ನಮ್ಮ ತೋಟದಲ್ಲಿ ಬಿದ್ದ ಮರಗಳನ್ನೆಲ್ಲ ಗ್ಯಾಲರಿಗೆ ದಾನ ಮಾಡುವೆನೆಂದು ಘೋಷಿಸಿದೆ. 2021ರಲ್ಲಿ ಮಲಪ್ಪುರಂ ಜಿಲ್ಲೆಯಲ್ಲಿ ಅಂಥದೊಂದು ಗ್ಯಾಲರಿ ಕುಸಿದು ಬಹಳ ಜನರಿಗೆ ಪೆಟ್ಟಾಯಿತೆಂದು ಮೇಷ್ಟರು ಮೆಲ್ಲಗೆ ಸೇರಿಸಿದ ಮೇಲೆ, ದಾನವನ್ನು ಕೂರುವ ಬೆಂಚಿನ ಮಟ್ಟಕ್ಕೆ ಇಳಿಸಿದೆ. ನೆಲದಿಂದ ಒಂದೂವರೆ ಅಡಿ. ಬಿದ್ದರೂ ಮಾನ ಹೋಗಬಹುದು, ಸೊಂಟ ಹೋಗುವುದಿಲ್ಲ.

ಅಂತೂ ನಾವು ಕರೆಯಲು ಹೊರಟೆವು. ಮನೆಮನೆಗೆ, ಜಗಲಿ ಹತ್ತಿ, ಕೊಟ್ಟ ಬೆಲ್ಲ ನೀರು ಕುಡಿದು, ಕವಳದ ಬಟ್ಟಲು ಮುಂದಿಟ್ಟರೆ ಕವಳ ಹಾಕಿ, "ಭಾನುವಾರ ಆಟ ಇದೆ, ಎಲ್ಲರೂ ಬರಬೇಕು" ಎಂದು. ಮೊದಲ ಮನೆಯಲ್ಲೇ ಯಜಮಾನರು ಗಾಬರಿಯಿಂದ, "ಊಟ ಎಲ್ಲಿ ಇಟ್ಟುಕೊಂಡಿದೀರಿ?" ಎಂದರು. ಇದನ್ನು ನಾವು ಯೋಚಿಸಿರಲಿಲ್ಲ. ಊಟವಿಲ್ಲ, ಚಹಾ, ಬೋಂಡ, ಮಂಡಕ್ಕಿ ಸಿಗುತ್ತದೆ ಎಂದು ಕಾರ್ಯದರ್ಶಿ ಅಲ್ಲೇ ನಿಂತು ಒಂದು ಕ್ಯಾಂಟೀನು ಹುಟ್ಟಿಸಿದ. ಇನ್ನೊಂದು ಮನೆಯ ಅತ್ತಿಗೆ ಬಾಗಿಲಲ್ಲೇ ನಿಂತು ಕೇಳಿದ ಪ್ರಶ್ನೆ ಬೋಂಡಕ್ಕಿಂತ ಮುಖ್ಯದ್ದು: ಹೆಂಗಸರು ಬಂದರೆ ಕೂರಲು ಜಾಗ ಉಂಟೋ, ಬಚ್ಚಲಿಗೆ ಹೋಗಬೇಕಾದರೆ ಎಲ್ಲಿಗೆ ಹೋಗಬೇಕು? ಗಂಡಸರೇ ತುಂಬಿದ ನಮ್ಮ ಸಭೆಯಲ್ಲಿ ಈ ವಿಷಯ ಒಮ್ಮೆಯೂ ಬಂದಿರಲಿಲ್ಲ. ಅರ್ಧ ಊರನ್ನು ಹೊರಗಿಟ್ಟು ಜನ ಬರುವುದಿಲ್ಲವೆಂದು ಗೊಣಗುತ್ತಿದ್ದೆವು. ಶಾಲೆಯ ಶೌಚಾಲಯದ ಬೀಗದ ಕೈ ಮೇಷ್ಟರು ಕೊಡಿಸಿದರು. ಮಧ್ಯಂತರದಲ್ಲಿ ಸಣ್ಣ ಮಕ್ಕಳಿಗೆ ಹತ್ತು ನಿಮಿಷದ ಆಟ ಇಡುವ ಉಪಾಯವೂ ಅವರದೇ. ಒಂದು ಮಗು ಆಡಿದರೆ ಅಪ್ಪ, ಅಮ್ಮ, ಅಜ್ಜಿ, ಫೋಟೋ ತೆಗೆಯಲು ಚಿಕ್ಕಪ್ಪ ಎಂದು ಅವರು ಬೆರಳು ಮಡಚಿ ಲೆಕ್ಕ ಹಾಕಿದರು.

ಉದ್ಘಾಟನೆ ಬೇಡವೆಂದು ನಾನು ಹಟ ಹಿಡಿದೆ. ನಮ್ಮಲ್ಲಿ ಸಭಾ ಕಾರ್ಯಕ್ರಮ ಶುರುವಾದರೆ ಸ್ವಾಗತ ಭಾಷಣ ಮುಗಿಯುವಷ್ಟರಲ್ಲಿ ಸೂರ್ಯಾಸ್ತ. ನನ್ನ ಭಾಷಣವೂ ಅದರಲ್ಲಿ ಹೋಯಿತು, ತ್ಯಾಗ ಮಾಡಿದೆ. ಮೈಕನ್ನು ಮಾತ್ರ ಬಿಡಲಾಗಲಿಲ್ಲ. ವೀಕ್ಷಕ ವಿವರಣೆಗೆ ತಾಳಮದ್ದಲೆಯ ಅರ್ಥಧಾರಿಯೊಬ್ಬರನ್ನು ಕೂರಿಸಿದೆವು. ಅವರು ನಮ್ಮ ಗೋಲ್‌ಕೀಪರನನ್ನು ಚಕ್ರವ್ಯೂಹದ ಬಾಗಿಲು ಕಾಯುವ ಸೈಂಧವನೆಂದು ಕರೆದು, ಅವನ ವರ, ತಪಸ್ಸು, ಪೂರ್ವಾಪರಗಳನ್ನು ಬಿಡಿಸುತ್ತಿರುವಾಗ ಆ ಕಡೆ ಎರಡು ಗೋಲು ಬಿದ್ದವು. ಅವರು ಪೀಠಿಕೆ ಮುಗಿಸಿಯೇ ಗೋಲಿಗೆ ಬಂದರು. ಜನ ಗೋಲಿಗೆ ಹೊಡೆಯದ ಚಪ್ಪಾಳೆಯನ್ನು ಪೀಠಿಕೆಗೆ ಹೊಡೆದರು.

ಹೌದು, ಜನ ಬಂದಿದ್ದರು. ಬರ್ಲಿನ್ನಿನ ಯೂನಿಯನ್ ಎಂಬ ಕ್ಲಬ್ಬಿನವರು 2003ರ ಕ್ರಿಸ್‌ಮಸ್ ಹೊತ್ತಿಗೆ ಬರೇ 89 ಜನ ಸೇರಿ ಮೈದಾನದಲ್ಲಿ ಭಜನೆಗೆ ನಿಂತರಂತೆ. ಈಗ ಅದೇ ಹಾಡಿಗೆ ಇಡೀ ಕ್ರೀಡಾಂಗಣ ತುಂಬುತ್ತದೆ ಎಂದು ಸೋದರಳಿಯ ಹೇಳಿದ್ದ. ಆ 89ನ್ನು ನಾವು ದಾಟಿದೆವೋ ಇಲ್ಲವೋ ಎಂಬ ಬಗ್ಗೆ ಕಾರ್ಯದರ್ಶಿಗೂ ನನಗೂ ಇವತ್ತಿಗೂ ವಾದವಿದೆ, ಏಕೆಂದರೆ ಅವನು ಬೋಂಡ ತಿಂದು ಹೋದವರನ್ನೂ ಸೇರಿಸುತ್ತಾನೆ. ನಮ್ಮ ಸೋದರತ್ತೆ ಮುಂದಿನ ಬೆಂಚಿನಲ್ಲಿ ಮೈದಾನಕ್ಕೆ ಬೆನ್ನು ಹಾಕಿ ಕೂತು, ಎಷ್ಟೋ ವರ್ಷದಿಂದ ಸಿಗದ ಆಚೆದಡದ ಗೆಳತಿಯ ಜೊತೆ ಪೂರ್ತಿ ತೊಂಬತ್ತು ನಿಮಿಷ ಮಾತಾಡಿದರು. ಸೇತುವೆ ದಾಟಿ ಬಂದಿದ್ದ ಆ ಗೆಳತಿಯೂ ಆಟ ನೋಡಲಿಲ್ಲ. ನಾವು ಇಬ್ಬರನ್ನೂ ಲೆಕ್ಕಕ್ಕೆ ತೆಗೆದುಕೊಂಡೆವು.

ಆಟ 3-0, ಸೋತದ್ದು ನಾವು. ಮನೆಗೆ ಬರುವಾಗ ಅತ್ತೆ ಸೋಲುಗೆಲುವಿನ ಸುದ್ದಿಯನ್ನೇ ಎತ್ತಲಿಲ್ಲ. ಗುಡ್ಡದ ಮೇಲಿನ ಮನೆಯವರನ್ನು ನೀವು ಕರೆದಿಲ್ಲ, ಫುಟ್‌ಬಾಲಿಗೆ ಊರನ್ನೆಲ್ಲ ಕರೆದು ನಮ್ಮನ್ನು ಬಿಟ್ಟರು ಎಂದು ಅವರಿಗೆ ಅಸಮಾಧಾನವಾಗಿದೆ ಎಂದರು. ಫುಟ್‌ಬಾಲಿಗೆ ಕರೆಯಲಿಲ್ಲವೆಂದು ಅಸಮಾಧಾನ! ನಾನು ಅಲ್ಲಿಂದಲೇ ಕಾರ್ಯದರ್ಶಿಗೆ ಫೋನು ಮಾಡಿದೆ. ಅವನು ಜೆರ್ಸಿಯಲ್ಲೇ ಬೈಕ್ ಹತ್ತಿ ಆ ಮನೆಗೆ ಹೋದ. ರಾತ್ರಿ ಹತ್ತರ ಮೇಲೆ ತಿರುಗಿ ಬಂದ. ಊಟ ಹಾಕಿಯೇ ಕಳಿಸಿದರಂತೆ, ಬರುವ ಭಾನುವಾರ ಮನೆಮಂದಿಯೆಲ್ಲ ಬರುತ್ತಾರಂತೆ. ಒಂದೇ ಷರತ್ತು, ಅವರ ಮಗನನ್ನು ಗೋಲ್‌ಕೀಪರ್ ಮಾಡಬೇಕು. ನಮ್ಮ ಸೈಂಧವನಿಗೆ ಈ ವಿಷಯ ತಿಳಿಸುವ ಕೆಲಸ ಗೌರವಾಧ್ಯಕ್ಷರದು ಎಂದು ಸಭೆ ತೀರ್ಮಾನಿಸಿದೆ.